ದಿಕ್ಕು ತೋರುವ ಫೋನು ದಾರಿ ತೋರೀತೇ?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮಗ್ರಿಬ್ ಹೊತ್ತಿಗೆ ಈಗ ಎರಡು ಬಗೆಯ ಅಜಾನ್ ಕೇಳಿಸುತ್ತದೆ. ಒಂದು ಮಸೀದಿಯ ಮಿನಾರಿನಿಂದ ಬರುವುದು. ಇನ್ನೊಂದು ಖರ್ಜೂರದಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಂದ, ಹಣ್ಣು ತೂಗುವ ಹುಡುಗನ ಜೇಬಿನಿಂದ ಹೊರಡುವ ಮೊಬೈಲಿನ ದನಿ. ನಮಾಜಿನ ವೇಳೆ, ಕಿಬ್ಲಾದ ದಿಕ್ಕು, ಜಕಾತಿನ ಲೆಕ್ಕ, ಕುರ್‌ಆನ್ ಪಠಣ ಇವೆಲ್ಲವೂ ಅಂಗೈಯಗಲದ ಗಾಜಿನೊಳಗೆ ಸೇರಿಕೊಂಡಿವೆ. ಕ್ರಿಕೆಟ್ಟು, ರೀಲ್ಸು, ಸಾಲ ಕೊಡುವ ಆ್ಯಪು, ಜಗಳ ಹಚ್ಚುವ ಸಂದೇಶಗಳೂ ಅದೇ ಗಾಜಿನೊಳಗಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹೆಬ್ಬೆರಳಿನ ಒಂದು ಚಲನೆಯಷ್ಟೇ.

ಈ ಬಡಾವಣೆಯ ಗಲ್ಲಿಗಳಲ್ಲೇ ಬೆಳೆದು, ಇಲ್ಲಿನ ಮಕ್ಕಳಿಗೇ ಪಾಠ ಹೇಳುತ್ತಿರುವ ನನ್ನನ್ನು ತಂದೆತಾಯಿಯರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: "ಮಾಸ್ಟರ್ ಸಾಬ್, ಈ ಮೊಬೈಲು ನಮ್ಮ ಮಕ್ಕಳ ದೀನನ್ನೂ ಕೆಡಿಸಿತು, ಓದನ್ನೂ ಕೆಡಿಸಿತು. ದಿನಕ್ಕೆ ಎಷ್ಟು ಗಂಟೆ ಕೊಡಬಹುದು, ನೀವೇ ಹೇಳಿ." ಅವರ ಆತಂಕ ನಿಜವಾದದ್ದು. ಆದರೆ ಪ್ರಶ್ನೆಯನ್ನು ಗಂಟೆಯ ಲೆಕ್ಕದಲ್ಲಿ ಕೇಳುವುದರಿಂದ ಉತ್ತರ ದೊರಕದೆಂಬುದು ನನ್ನ ಅನಿಸಿಕೆ. ಒಬ್ಬ ಹುಡುಗ ಹತ್ತೇ ನಿಮಿಷದಲ್ಲಿ ಸುಳ್ಳು ಸಂದೇಶವೊಂದನ್ನು ನೂರು ಮಂದಿಗೆ ತಲುಪಿಸಬಲ್ಲ. ಒಬ್ಬ ಹುಡುಗಿ ಮೂರು ಗಂಟೆ ಕುಳಿತು ಅದೇ ಮೊಬೈಲಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಬಲ್ಲಳು. ಆದ್ದರಿಂದ ಗಡಿಯಾರವನ್ನು ಬದಿಗಿಟ್ಟು, ಕೈಯಲ್ಲಿ ಮೊಬೈಲು ಹಿಡಿದಾಗ ನಮ್ಮ ನಂಬಿಕೆ ನಮ್ಮಿಂದ ಏನನ್ನು ಬೇಡುತ್ತದೆ ಎಂದು ವಿಚಾರಿಸುವುದು ಒಳಿತು.

ಹೊಸ ಯಂತ್ರದೊಡನೆ ಹೊಂದಿಕೊಳ್ಳುವುದು ಈ ಸಮುದಾಯಕ್ಕೆ ಹೊಸ ಸಂಗತಿಯೇನೂ ಅಲ್ಲ. 1927ರಲ್ಲಿ ಬ್ರಿಟಿಷರು ಕಟ್ಟಿದ, ಅಂದಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರು ಹೊತ್ತ ಈ ಮಾರುಕಟ್ಟೆ ತಕ್ಕಡಿಯ ಕಾಲದಿಂದ ಕ್ಯೂಆರ್ ಸಂಕೇತದ ಕಾಲದವರೆಗೆ ಎಲ್ಲವನ್ನೂ ಕಂಡಿದೆ. 2012ರ ಫೆಬ್ರುವರಿಯ ಬೆಂಕಿಯಲ್ಲಿ ಬೆಂದೂ ಮತ್ತೆ ಬಾಗಿಲು ತೆರೆದಿದೆ. ಧ್ವನಿವರ್ಧಕ ಬಂದ ಹೊಸದರಲ್ಲಿ, ಅದರ ಮೂಲಕ ಕೇಳಿಸುವ ಇಮಾಮರ ದನಿಯನ್ನು ಅನುಸರಿಸಿ ಮಾಡಿದ ನಮಾಜು ಸಿಂಧುವೇ ಎಂದು ಉಪಖಂಡದ ವಿದ್ವಾಂಸರು ಗಂಭೀರವಾಗಿ ಚರ್ಚಿಸಿದ್ದರು. ದೇವಬಂದ್ ಪರಂಪರೆಯ ಮುಫ್ತಿ ಮುಹಮ್ಮದ್ ಶಫಿ ಅವರಂಥವರು ಮೊದಲು ಒಪ್ಪದೆ, ಯಂತ್ರ ಹೇಗೆ ಕೆಲಸ ಮಾಡುತ್ತದೆಂಬುದನ್ನು ಬಲ್ಲವರಿಂದ ತಿಳಿದುಕೊಂಡ ಮೇಲೆ ತಮ್ಮ ನಿಲುವನ್ನು ಬದಲಿಸಿದರು. ಛಾಯಾಚಿತ್ರದ ಬಗೆಗಿನ ಚರ್ಚೆಯಂತೂ ಇನ್ನೂ ಮುಗಿದಿಲ್ಲ. 2017ರ ಅಕ್ಟೋಬರಿನಲ್ಲಿ ದಾರುಲ್ ಉಲೂಮ್ ದೇವಬಂದ್, ಜಾಲತಾಣಗಳಲ್ಲಿ ತಮ್ಮ ಮತ್ತು ಮನೆಯವರ ಚಿತ್ರಗಳನ್ನು ಹಾಕುವುದು ಸಲ್ಲದೆಂದು ಫತ್ವಾ ನೀಡಿತ್ತು. ಹಾಗಿದ್ದೂ ಧರ್ಮಗುರುಗಳ ಪ್ರವಚನದ ವಿಡಿಯೊಗಳು ಇಂದು ಯೂಟ್ಯೂಬಿನಲ್ಲಿ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಯಂತ್ರವನ್ನು ಮೊದಲು ಅರಿತು, ಆಮೇಲೆ ತೀರ್ಪು ಹೇಳುವುದು ಹಿರಿಯ ವಿದ್ವಾಂಸರು ತೋರಿದ ಮಾರ್ಗ. ಇಂದು ನಮಗೆ ಬೇಕಿರುವುದೂ ಅದೇ.

ಯಂತ್ರದಿಂದ ಆದ ಉಪಕಾರವನ್ನು ಮೊದಲು ನೆನೆಯಬೇಕು. ಶಿವಾಜಿನಗರದ ಮಗು ಮನೆಯಲ್ಲಿ ದಖನಿ ಇಲ್ಲವೇ ತಮಿಳು ಮಾತಾಡುತ್ತದೆ, ಮಕ್ತಬ್‌ನಲ್ಲಿ ಅರಬ್ಬಿ ಅಕ್ಷರ ಕಲಿಯುತ್ತದೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಓದುತ್ತದೆ. ಅರಬ್ಬಿಯನ್ನು ಅರ್ಥವರಿಯದೆ ಓದಿ ಮುಗಿಸುವ ಸಾವಿರಾರು ಮಕ್ಕಳಿಗೆ ಇಂದು ಕನ್ನಡದಲ್ಲೇ ಕುರ್‌ಆನಿನ ಅರ್ಥ ತಿಳಿಯುವ ಅವಕಾಶವಿದೆ. ಅಬ್ದುಸ್ಸಲಾಮ್ ಪುತ್ತಿಗೆ ಅವರ ಅನುವಾದವಾಗಲಿ, ಮಂಗಳೂರಿನ ಶಾಂತಿ ಪ್ರಕಾಶನದ ಗ್ರಂಥಗಳಾಗಲಿ ಈ ನಿಟ್ಟಿನಲ್ಲಿ ದೊಡ್ಡ ಕೆಲಸ ಮಾಡಿವೆ. ಹತ್ತಿರದ ಮಸೀದಿಯಲ್ಲಿ ತಮಗೆ ಸ್ಥಳವಿಲ್ಲದ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತೇ ವಿದ್ವಾಂಸರ ಉಪನ್ಯಾಸ ಕೇಳುತ್ತಿದ್ದಾರೆ. 2020ರ ರಂಜಾನಿನಲ್ಲಿ ಕೊರೊನಾ ದಿಗ್ಬಂಧನದಿಂದ ಮಸೀದಿಗಳ ಬಾಗಿಲು ಮುಚ್ಚಿ, ತರಾವೀಹ್ ನಮಾಜು ಮನೆಗಳಲ್ಲೇ ನಡೆದಾಗ ಎಷ್ಟೋ ಕುಟುಂಬಗಳನ್ನು ಒಂದಾಗಿಸಿದ್ದು ಇದೇ ಮೊಬೈಲು. ಇದನ್ನೆಲ್ಲ ಮರೆತು ಮೊಬೈಲನ್ನು ಸೈತಾನನ ಪೆಟ್ಟಿಗೆ ಎಂದು ಜರೆದರೆ ಯುವಕರು ನಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳಲಾರರು.

ಅಪಾಯವಿರುವುದು ಬೇರೆಡೆಯಲ್ಲಿ. 2012ರ ಆಗಸ್ಟಿನಲ್ಲಿ, ಇನ್ನೂ ಎಸ್‌ಎಂಎಸ್ ಕಾಲದಲ್ಲೇ, ಈಶಾನ್ಯ ರಾಜ್ಯಗಳ ಜನರ ಮೇಲೆ ರಂಜಾನ್ ಮುಗಿದ ಬಳಿಕ ದಾಳಿ ನಡೆಯಲಿದೆಯೆಂಬ ವದಂತಿ ಬೆಂಗಳೂರಿನಲ್ಲಿ ಹಬ್ಬಿತು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿಯ ವಿಶೇಷ ರೈಲುಗಳನ್ನೇರಿದರು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ದಿನವೊಂದಕ್ಕೆ 5ಕ್ಕಿಂತ ಹೆಚ್ಚು ಸಂದೇಶ ಕಳುಹಿಸದಂತೆ ನಿರ್ಬಂಧ ಹೇರಬೇಕಾಯಿತು. ಉಪವಾಸದ ತಿಂಗಳೊಂದು ಹೀಗೆ ಭಯದ ಗಡುವಾಗಿ ಮಾರ್ಪಟ್ಟಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಯುವ ಮುಸ್ಲಿಂ ಎಂಜಿನಿಯರನ್ನು ಮಕ್ಕಳ ಕಳ್ಳನೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೊಡೆದು ಕೊಂದಿತು. ಅದಕ್ಕೂ ಎರಡು ತಿಂಗಳ ಮೊದಲು, ನಮ್ಮದೇ ನಗರದ ಚಾಮರಾಜಪೇಟೆಯಲ್ಲಿ ದುಡಿಮೆಯನ್ನರಸಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬ ಅದೇ ವದಂತಿಗೆ ಬಲಿಯಾಗಿದ್ದ. ವದಂತಿಗೆ ಮತವಿಲ್ಲ. ಇಂದು ಒಬ್ಬನನ್ನು ಸುಟ್ಟರೆ ನಾಳೆ ಇನ್ನೊಬ್ಬನನ್ನು ಸುಡುತ್ತದೆ.

2020ರ ಆಗಸ್ಟ್ 11ರ ರಾತ್ರಿಯನ್ನು ಬೆಂಗಳೂರಿನ ಪೂರ್ವಭಾಗದವರು ಯಾರೂ ಮರೆತಿಲ್ಲ. ಪ್ರವಾದಿಯವರನ್ನು ಅವಹೇಳನ ಮಾಡಿದ ಫೇಸ್‌ಬುಕ್ ಬರಹವೊಂದರಿಂದ ಕೆರಳಿದ ಗುಂಪು ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಪೊಲೀಸ್ ಠಾಣೆಗಳ ಮೇಲೆ, ಶಾಸಕರೊಬ್ಬರ ಮನೆಯ ಮೇಲೆ ದಾಳಿ ನಡೆಸಿತು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಮಂದಿ ಬಂಧಿತರಾದರು, ಹಲವರ ಮೇಲೆ ಯುಎಪಿಎ ಕಾಯ್ದೆ ಬಿತ್ತು. ಬರೆದವನ ತಪ್ಪು ತಪ್ಪೇ, ಅದಕ್ಕೆ ಕಾನೂನಿನ ದಾರಿ ಇತ್ತು. ಆದರೆ ಒಂದು ಪರದೆಯ ಮೇಲಿನ ನಾಲ್ಕು ಸಾಲಿಗೆ ಉತ್ತರವಾಗಿ ಬೀದಿಗಿಳಿದದ್ದರಿಂದ ಪ್ರವಾದಿಯವರ ಗೌರವ ಹೆಚ್ಚಿತೇ? ಸತ್ತವರ ತಾಯಂದಿರಿಗೆ, ಜೈಲು ಸೇರಿದವರ ಮಡದಿಯರಿಗೆ ಈ ಪ್ರಶ್ನೆಯನ್ನು ಕೇಳುವ ಧೈರ್ಯ ಯಾರಿಗಿದೆ? ಅದೇ ರಾತ್ರಿ ಕೆಲವು ಮುಸ್ಲಿಂ ಯುವಕರು ಕೈ ಕೈ ಹಿಡಿದು ದೇವಸ್ಥಾನವೊಂದರ ಸುತ್ತ ಮಾನವ ಸರಪಳಿ ಕಟ್ಟಿ ನಿಂತರು. ಆ ದೃಶ್ಯವೂ ಮೊಬೈಲಿನ ಮೂಲಕವೇ ದೇಶವನ್ನೆಲ್ಲ ತಲುಪಿತು. ಒಂದೇ ಬಡಾವಣೆ, ಒಂದೇ ವಯಸ್ಸು, ಒಂದೇ ಯಂತ್ರ. ವ್ಯತ್ಯಾಸವಿದ್ದದ್ದು ಅದನ್ನು ಹಿಡಿದವರ ವಿವೇಕದಲ್ಲಿ.

ಈ ವಿವೇಕವನ್ನು ಹೊರಗಿನಿಂದ ತರಬೇಕಾಗಿಲ್ಲವೆಂಬುದೇ ನನ್ನ ವಾದದ ತಿರುಳು. ಸುದ್ದಿಯನ್ನು ಪರೀಕ್ಷಿಸುವ ವಿದ್ಯೆ ಇಸ್ಲಾಮಿನ ಹಳೆಯ ವಿದ್ಯೆಗಳಲ್ಲೊಂದು. ನಂಬಲರ್ಹನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡಬೇಕು, ಇಲ್ಲವಾದರೆ ಅರಿಯದೆ ಯಾರಿಗಾದರೂ ಕೇಡು ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬರ್ಥದ ಎಚ್ಚರಿಕೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಪ್ರವಾದಿ ವಚನಗಳನ್ನು ಸಂಗ್ರಹಿಸಿದ ವಿದ್ವಾಂಸರು ಪ್ರತಿಯೊಂದು ಮಾತಿಗೂ ಅದನ್ನು ಯಾರು ಯಾರಿಂದ ಕೇಳಿದರೆಂಬ ಸರಪಳಿಯನ್ನು, ಅಂದರೆ ಇಸ್ನಾದನ್ನು ಹುಡುಕಿದರು. ಸರಪಳಿಯ ಒಂದು ಕೊಂಡಿ ಸಡಿಲವಾದರೂ ಮಾತನ್ನು ದುರ್ಬಲವೆಂದು ಬದಿಗಿಟ್ಟರು. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿ ಲಕ್ಷಾಂತರ ವರದಿಗಳನ್ನು ಜಾಲಾಡಿ ಏಳು ಸಾವಿರ ಚಿಲ್ಲರೆಯನ್ನಷ್ಟೇ, ಅದೂ ಪುನರಾವರ್ತನೆಗಳನ್ನು ಸೇರಿಸಿ, ತಮ್ಮ ಗ್ರಂಥಕ್ಕೆ ತೆಗೆದುಕೊಂಡರೆಂಬುದು ಪರಂಪರೆಯ ಮಾತು. ಹೇಳಿದವರಾರೆಂದು ತಿಳಿಯದ ಮಾತನ್ನು ಒಪ್ಪದ ಇಂಥ ಪರಂಪರೆಯ ವಾರಸುದಾರರು, "ಬಂದದ್ದನ್ನು ಬಂದಂತೆ ಕಳಿಸಿದ್ದೇನೆ" ಎಂದು ಫಾರ್ವರ್ಡ್ ಮಾಡುವುದು ಎಂಥ ವಿಪರ್ಯಾಸ!

ಇದು ಗ್ರಂಥದಲ್ಲಿ ಮಾತ್ರ ಉಳಿದಿರುವ ವಿದ್ಯೆಯೂ ಅಲ್ಲ. ಈದ್‌ನ ಮುನ್ನಾದಿನ ಚಂದ್ರದರ್ಶನದ ವಿಷಯದಲ್ಲಿ ನಾವು ಏನು ಮಾಡುತ್ತೇವೆಂಬುದನ್ನು ಗಮನಿಸಿ. ಆ ಸಂಜೆ ಎಲ್ಲರ ಮೊಬೈಲಿಗೂ ಚಂದ್ರನ ಚಿತ್ರಗಳು ಬರುತ್ತವೆ. ಆದರೆ ಆ ಚಿತ್ರವನ್ನು ನಂಬಿ ಯಾರೂ ಉಪವಾಸ ಮುಗಿಸುವುದಿಲ್ಲ. ಕಣ್ಣಾರೆ ಕಂಡವರ ಸಾಕ್ಷ್ಯವನ್ನು ಚಂದ್ರದರ್ಶನ ಸಮಿತಿ ವಿಚಾರಿಸಿ, ಒಪ್ಪಿ, ಘೋಷಿಸುವವರೆಗೆ ಮಾರುಕಟ್ಟೆಯೆಲ್ಲ ಕಾಯುತ್ತದೆ. ಚಂದ್ರನ ವಿಷಯದಲ್ಲಿ ಇಷ್ಟು ತಾಳ್ಮೆ ತೋರುವ ನಾವು ನೆರೆಮನೆಯವನ ಮಾನ, ಪ್ರಾಣದ ವಿಷಯದಲ್ಲಿ ಅರ್ಧ ಗಂಟೆ ಕಾಯಲಾರೆವೇ?

ನಂಬಿಕೆಯ ಹೆಸರಿನಲ್ಲಿ ಹಣದ ವ್ಯವಹಾರಕ್ಕೂ ಇದೇ ಪರೀಕ್ಷೆ ಬೇಕು. ರಸೆಲ್ ಮಾರುಕಟ್ಟೆಯಿಂದ ಹೆಚ್ಚು ದೂರವಿಲ್ಲದ ಲೇಡಿ ಕರ್ಜನ್ ರಸ್ತೆಯಲ್ಲಿ ಐಎಂಎ ಸಂಸ್ಥೆಯ ಕಚೇರಿಯಿತ್ತು. 2006ರಲ್ಲಿ ಆರಂಭವಾದ ಅದು ಬಡ್ಡಿಯಿಲ್ಲದ 'ಹಲಾಲ್' ಹೂಡಿಕೆಯೆಂದು ಹೇಳಿಕೊಂಡು ಹತ್ತಾರು ಸಾವಿರ ಮಂದಿಯ ಉಳಿತಾಯವನ್ನು ಸಂಗ್ರಹಿಸಿತು. ಮಗಳ ಮದುವೆಗೆಂದು, ಹಜ್ ಯಾತ್ರೆಗೆಂದು ಕೂಡಿಟ್ಟ ಹಣವದು. 2019ರ ಜೂನ್ ಎರಡನೇ ವಾರದಲ್ಲಿ ಸಂಸ್ಥೆಯ ಮುಖ್ಯಸ್ಥರದೆನ್ನಲಾದ ಧ್ವನಿಮುದ್ರಿಕೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದಾಗಲೇ ಹೂಡಿಕೆದಾರರಿಗೆ ಅನಾಹುತದ ಅರಿವಾದದ್ದು. ಅಷ್ಟರಲ್ಲಿ ಅವರು ದೇಶ ಬಿಟ್ಟಿದ್ದರು. ಜುಲೈನಲ್ಲಿ ದೆಹಲಿಗೆ ಮರಳಿದಾಗ ಬಂಧನವಾಯಿತು, ಮುಂದೆ ತನಿಖೆ ಸಿಬಿಐಗೆ ಹೋಯಿತು. ಇಂದು ಅದೇ 'ಹಲಾಲ್' ಪದ ಹೊತ್ತು ಷೇರು, ಕ್ರಿಪ್ಟೊ, ಚಿನ್ನದ ಯೋಜನೆಗಳು ಯುವಕರ ಪರದೆಯ ಮೇಲೆ ಬರುತ್ತಿವೆ. ಬಡ್ಡಿಯನ್ನು ನಿಷೇಧಿಸಿದ ಧರ್ಮವೇ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದೂ ವಿಧಿಸಿದೆ. ಮೊದಲನೆಯದನ್ನು ಮಾತ್ರ ನೆನೆದು ಎರಡನೆಯದನ್ನು ಮರೆತವರಿಗೆ ಆದ ನಷ್ಟ ಸಣ್ಣದಲ್ಲ. ಸಂಸ್ಥೆ ನೋಂದಣಿಯಾಗಿದೆಯೇ, ನಿಯಂತ್ರಿಸುವವರು ಯಾರು, ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳುವುದು ಅಪನಂಬಿಕೆಯಲ್ಲ, ಧಾರ್ಮಿಕ ಕರ್ತವ್ಯವೇ ಆಗಿದೆ.

ಹೆಣ್ಣುಮಕ್ಕಳ ಪಾಲಿಗಂತೂ ಈ ಲೋಕ ಇನ್ನಷ್ಟು ಕಠಿಣ. 2022ರ ಹೊಸ ವರ್ಷದ ದಿನ 'ಬುಲ್ಲಿ ಬಾಯಿ' ಎಂಬ ಆ್ಯಪಿನಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಹರಾಜಿಗಿಟ್ಟಂತೆ ಪ್ರದರ್ಶಿಸಲಾಯಿತು. ಪತ್ರಕರ್ತೆಯರು, ಹೋರಾಟಗಾರ್ತಿಯರು ಅದರಲ್ಲಿದ್ದರು. ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ವಶಕ್ಕೆ ಪಡೆದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಇದನ್ನು ಖಂಡಿಸುವಾಗ ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. 2021ರ ಸೆಪ್ಟೆಂಬರಿನಲ್ಲಿ ಇದೇ ನಗರದಲ್ಲಿ, ಅನ್ಯಧರ್ಮೀಯ ಸಹೋದ್ಯೋಗಿಯೊಡನೆ ಬೈಕಿನಲ್ಲಿ ಹೋಗುತ್ತಿದ್ದ ಬುರ್ಖಾಧಾರಿ ಮಹಿಳೆಯನ್ನು ತಡೆದು, ಬೈದು, ಚಿತ್ರೀಕರಿಸಿ ಹರಿಯಬಿಟ್ಟವರು ನಮ್ಮವರೇ. ಪೊಲೀಸರು ಕೂಡಲೇ ಇಬ್ಬರನ್ನು ಬಂಧಿಸಿದರು. ಮತ್ತೊಬ್ಬರ ಗುಟ್ಟನ್ನು ಬಗೆಯಬಾರದು, ಬೆನ್ನ ಹಿಂದೆ ಆಡಿಕೊಳ್ಳಬಾರದು ಎಂದು ವಿಧಿಸಿದ ಧರ್ಮದ ಹೆಸರಿನಲ್ಲಿ ಹೆಣ್ಣೊಬ್ಬಳ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಧರ್ಮರಕ್ಷಣೆಯೇ? ದೃಷ್ಟಿಯನ್ನು ತಗ್ಗಿಸಬೇಕೆಂಬ ಆದೇಶ ಮೊದಲು ಬಂದಿರುವುದು ಗಂಡಸರಿಗೆ. ಅದು ಕ್ಯಾಮೆರಾದ ಕಣ್ಣಿಗೂ ಅನ್ವಯಿಸುತ್ತದೆ.

ಗುಟ್ಟಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಯುವಕರಿಗೆ ತಿಳಿಸಲೇಬೇಕು. ನಮಾಜಿನ ವೇಳೆ, ಕಿಬ್ಲಾ ತೋರಿಸಲು ಆ್ಯಪು ನಾವಿರುವ ಸ್ಥಳವನ್ನು ಕೇಳುತ್ತದೆ. ಜಗತ್ತಿನಾದ್ಯಂತ 9 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿದ್ದ 'ಮುಸ್ಲಿಂ ಪ್ರೊ' ಆ್ಯಪಿನಿಂದ ಬಳಕೆದಾರರ ಸ್ಥಳಮಾಹಿತಿ ಎಕ್ಸ್-ಮೋಡ್ ಎಂಬ ದಲ್ಲಾಳಿ ಸಂಸ್ಥೆಗೆ ಹೋಗುತ್ತಿತ್ತೆಂದೂ, ಆ ಸಂಸ್ಥೆ ಅಮೆರಿಕದ ಸೇನೆಯ ಗುತ್ತಿಗೆದಾರರಿಗೆ ಮಾಹಿತಿ ಮಾರುತ್ತಿತ್ತೆಂದೂ 2020ರ ನವೆಂಬರಿನಲ್ಲಿ ಪತ್ರಿಕಾ ವರದಿ ಬಯಲು ಮಾಡಿತು. ಎಕ್ಸ್-ಮೋಡ್ ಜತೆಗಿನ ಸಂಬಂಧ ಕಡಿದುಕೊಳ್ಳುವುದಾಗಿ ಆ್ಯಪಿನವರು ಆಗಲೇ ಘೋಷಿಸಿದರು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ದಲ್ಲಾಳಿ ಸಂಸ್ಥೆಯು ಸೂಕ್ಷ್ಮ ಸ್ಥಳಮಾಹಿತಿಯನ್ನು ಮಾರದಂತೆ ನಿರ್ಬಂಧಿಸಿತು. ದೇವರ ಕಡೆಗೆ ಮುಖ ಮಾಡಿದವನ ಬೆನ್ನನ್ನು ಯಾರೋ ಗುರುತು ಹಾಕಿಕೊಳ್ಳುತ್ತಿದ್ದರು! ಬೆಂಗಳೂರಿನಲ್ಲಿ ಕಿಬ್ಲಾದ ದಿಕ್ಕು ದಿನದಿನವೂ ಬದಲಾಗುವುದಿಲ್ಲ. ಮೊಹಲ್ಲಾದ ಮಸೀದಿಯ ಗೋಡೆಯ ಮೇಲೆ ನಮಾಜಿನ ವೇಳಾಪಟ್ಟಿ ಇದ್ದೇ ಇರುತ್ತದೆ. ಆ್ಯಪು ಬೇಕೆಂದರೆ ಸ್ಥಳಮಾಹಿತಿಯ ಅನುಮತಿ ಕೊಡದೆ ಊರಿನ ಹೆಸರನ್ನಷ್ಟೇ ನಮೂದಿಸಿದರೂ ಹಲವೆಡೆ ಸಾಕಾಗುತ್ತದೆ. 2023ರಲ್ಲಿ ನಮ್ಮ ದೇಶದಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಆದರೆ ತನ್ನ ಮಾಹಿತಿಯ ಬೆಲೆ ತನಗೇ ತಿಳಿಯದವನನ್ನು ಯಾವ ಕಾಯ್ದೆಯೂ ಪೂರ್ತಿ ಕಾಯಲಾರದು.

ಇನ್ನು ಉಳಿದದ್ದು ಅಂತರಂಗದ ಪ್ರಶ್ನೆ. ರಂಜಾನ್ ಬಂತೆಂದರೆ ಬಡವರಿಗೆ ರೇಷನ್ ಕಿಟ್ ಕೊಡುವ ಚಿತ್ರಗಳು ಜಾಲತಾಣಗಳಲ್ಲಿ ತುಂಬುತ್ತವೆ. ಕೊಡುವವನ ನಗುಮುಖ, ಪಡೆಯುವವಳ ತಗ್ಗಿದ ತಲೆ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ಕಲಿಸಿದ ಸಮುದಾಯದಲ್ಲಿ ದಾನ ಊರಿಗೆಲ್ಲ ತಿಳಿಯಬೇಕೆಂಬ ಹಂಬಲ ಹೇಗೆ ಬಂತು? ತೋರಿಕೆಗಾಗಿ ಮಾಡುವ ಆರಾಧನೆಗೆ 'ರಿಯಾ' ಎಂಬ ಹೆಸರಿದೆ. ಅದು ಪುಣ್ಯವನ್ನು ತಿಂದುಹಾಕುತ್ತದೆಂದು ಹಿರಿಯರು ಹೇಳುತ್ತಿದ್ದರು. ಮೆಚ್ಚುಗೆಯನ್ನು ಎಣಿಸಿ ತೋರಿಸುವ ಯಂತ್ರ ಬಂದ ಮೇಲೆ ಈ ಮಾತಿಗೆ ಹೊಸ ಅರ್ಥ ಬಂದಿದೆ. ದಿನಕ್ಕೆ ಐದು ಬಾರಿ ಮಾಡುತ್ತಿದ್ದ ಕೆಲಸವನ್ನು ಬಿಟ್ಟೇಳಬೇಕೆಂಬ ವಿಧಿಯನ್ನು ಈ ಕಾಲದ ಮಹಾ ಉಪಕಾರವೆಂದೇ ನಾನು ಭಾವಿಸುತ್ತೇನೆ. ನಿಲ್ಲದಂತೆ ನೋಡಿಸಿಕೊಳ್ಳಬೇಕೆಂದೇ ರೂಪಿಸಿದ ಯಂತ್ರದೆದುರು, ನಿಲ್ಲಿಸಿ ಏಳುವ ಅಭ್ಯಾಸವನ್ನು ಬಾಲ್ಯದಿಂದಲೇ ಕಲಿತವನು ಭಾಗ್ಯಶಾಲಿ. ಆದರೆ ವುಜೂ ಮಾಡುವಾಗ ಮೊಬೈಲನ್ನು ಒಳಜೇಬಿಗಿಟ್ಟು, ಸಲಾಮ್ ಹೇಳಿದ ಮರುಕ್ಷಣವೇ ಹೊರತೆಗೆದರೆ ಆ ಭಾಗ್ಯ ಕೈಗೆ ದಕ್ಕದು.

ಇಷ್ಟೆಲ್ಲ ಹೊರೆಯನ್ನು ಯುವಕರ ತಲೆಯ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. 2020ರಲ್ಲಿ ಕೊರೊನಾ ಹರಡಿದ್ದು ಮುಸ್ಲಿಮರಿಂದಲೇ ಎಂದು ಜಾಲತಾಣಗಳು ಕೂಗಿದಾಗ, ಹಣ್ಣು ತರಕಾರಿ ಮಾರುವವರನ್ನೂ ಜನ ಶಂಕೆಯಿಂದ ನೋಡಿದರು. ತಬ್ಲೀಗ್ ಸಮಾವೇಶಕ್ಕೆ ಬಂದ ವಿದೇಶಿಯರನ್ನು ಬಲಿಪಶು ಮಾಡಲಾಯಿತೆಂದು ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳುವ ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ತಾನು ಹಾಕಿದ ಒಂದು ಸಾಲಿಗೆ ಬೇರೆಯವರಿಗಿಂತ ಹೆಚ್ಚಿನ ಶಿಕ್ಷೆಯಾದೀತೆಂಬ ಅಂಜಿಕೆ ಮುಸ್ಲಿಂ ಹುಡುಗನಿಗಿದ್ದರೆ ಅದನ್ನು ಭ್ರಮೆಯೆಂದು ತಳ್ಳಿಹಾಕಲಾಗದು. ದ್ವೇಷದ ಬರಹ ಯಾರದ್ದೇ ಆಗಿರಲಿ, ಪೊಲೀಸರು ಒಂದೇ ಅಳತೆಗೋಲು ಹಿಡಿಯಬೇಕು. ದೂರು ಕೊಟ್ಟರೆ ಕ್ರಮ ಆಗುತ್ತದೆಂಬ ಭರವಸೆ ಇದ್ದಾಗಲೇ ಬೀದಿಗಿಳಿಯುವ ಆವೇಶ ತಣ್ಣಗಾಗುತ್ತದೆ.

ಸಮುದಾಯದ ಹಿರಿಯರ ಪಾಲೂ ಇದೆ. ಯೂಟ್ಯೂಬಿನ ದೂರದ ಪ್ರವಚನಕಾರನಿಗೆ ನಮ್ಮ ಗಲ್ಲಿಯ ಹುಡುಗನ ಹೆಸರು ತಿಳಿಯದು. ಹೆಚ್ಚು ಕೆರಳಿಸುವ ಮಾತೇ ಹೆಚ್ಚು ಮಂದಿಗೆ ತಲುಪುವ ವ್ಯವಸ್ಥೆ ಅದು. ಮೊಹಲ್ಲಾದ ಆಲಿಮರಿಗಾದರೋ ಹುಡುಗನ ತಂದೆ ಗೊತ್ತು, ಮನೆಯ ಕಷ್ಟ ಗೊತ್ತು. ಆದರೆ ಅವರ ಬಯಾನ್ ಹುಡುಗ ಓದಿ ಯೋಚಿಸುವ ಭಾಷೆಯಲ್ಲಿ ಇರುವುದೇ? ತಿಂಗಳಿಗೊಂದು ಜುಮಾದಂದಾದರೂ ವದಂತಿ, ಆನ್‌ಲೈನ್ ಸಾಲ, ಜೂಜಿನ ಆಟ, ಹೆಣ್ಣುಮಕ್ಕಳ ಚಿತ್ರದ ದುರ್ಬಳಕೆ ಇವುಗಳ ಬಗ್ಗೆ ಸರಳ ಕನ್ನಡದಲ್ಲೂ ಉರ್ದುವಿನಲ್ಲೂ ಮಾತು ನಡೆಯಲಿ. ಹಣ ಕಳೆದುಕೊಂಡವನು 1930ಕ್ಕೆ ಕರೆ ಮಾಡಬೇಕೆಂಬ ಮಾಹಿತಿ ಮಸೀದಿಯ ಫಲಕದ ಮೇಲೆ ನಮಾಜಿನ ವೇಳಾಪಟ್ಟಿಯ ಪಕ್ಕದಲ್ಲೇ ಇರಲಿ. ಮದರಸಾಗಳಲ್ಲಿ ಹದೀಸ್ ಕಲಿಸುವ ಗುರುಗಳು ಇಸ್ನಾದಿನ ಪಾಠವನ್ನು ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಮುಂದಿಟ್ಟುಕೊಂಡು ಕಲಿಸಲಿ. ಇದಕ್ಕೆ ಹಣವೂ ಬೇಡ, ಸರ್ಕಾರದ ಅನುಮತಿಯೂ ಬೇಡ.

ಕಿಬ್ಲಾದ ದಿಕ್ಕನ್ನು ಫೋನು ಕರಾರುವಾಕ್ಕಾಗಿ ತೋರಿಸೀತು. ಆ ಕಡೆಗೆ ನಿಂತವನ ಮನಸ್ಸು ಎತ್ತ ತಿರುಗಿದೆ ಎಂಬುದನ್ನು ತೋರಿಸುವ ಸೂಜಿ ಅದರಲ್ಲಿಲ್ಲ. ಕೇಳಿದ್ದನ್ನು ವಿಚಾರಿಸು, ಕೊಟ್ಟ ಮಾತನ್ನು ಉಳಿಸು, ಇನ್ನೊಬ್ಬರ ಮಾನವನ್ನು ಮುಚ್ಚು, ಒಳಿತನ್ನು ಸದ್ದಿಲ್ಲದೆ ಮಾಡು ಎಂಬ ನಾಲ್ಕು ಪಾಠಗಳನ್ನು ನಮ್ಮ ಮಕ್ಕಳು ಪರದೆಯಾಚೆಗೂ ಈಚೆಗೂ ಒಂದೇ ರೀತಿ ಪಾಲಿಸಿದರೆ, ದಿನಕ್ಕೆ ಎಷ್ಟು ಗಂಟೆಯೆಂಬ ಲೆಕ್ಕವನ್ನು ಅವರೇ ಇಟ್ಟುಕೊಂಡಾರು. ಕಲಿಸುವ ಹೊಣೆ ಮಾತ್ರ ನಮ್ಮದು.